ಗುಣವಾಗದವರಿಗೆ ಅನುಮತಿ

ಆ ಭಾನುವಾರ ಬೆಳಿಗ್ಗೆ ನಾನು ತಿರಸ್ಕರಿಸಿದ ಮೊದಲ ಅರ್ಜಿ ಅದು. ಎರಡು ನಿಮಿಷವೂ ಹಿಡಿದಿರಲಿಲ್ಲ. ರೋಗಿಗೆ ಐವತ್ತೆರಡು ವರ್ಷ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ಹೊಟ್ಟೆಯಲ್ಲಿ ನೀರು ತುಂಬುತ್ತಿದ್ದುದರಿಂದ ಅದನ್ನು ಇಳಿಸಲು ಸಣ್ಣ ಕೊಳವೆಯೊಂದನ್ನು ಹಾಕಿ ಮನೆಗೆ ಕಳಿಸಿದ್ದರು. ಮೂರು ದಿನಕ್ಕೊಮ್ಮೆ ನರ್ಸ್ ಮನೆಗೆ ಹೋಗಿ ನೀರು ಇಳಿಸಿ, ಡ್ರೆಸ್ಸಿಂಗ್ ಬದಲಿಸಿ, ನೋವಿನ ಪ್ಯಾಚ್ ನೋಡಿ ಬರಬೇಕು. ಅಂಥ ಹತ್ತು ಹತ್ತು ಭೇಟಿಗಳನ್ನು ನಾವು ಎರಡು ಸಲ ಮಂಜೂರು ಮಾಡಿದ್ದೆವು. ಇದು ಮೂರನೆಯ ಅರ್ಜಿ. ‘ನಿರೀಕ್ಷಿತ ಸುಧಾರಣೆ’ ಎಂಬ ಕಲಂನಲ್ಲಿ ನರ್ಸ್ ಒಂದೇ ಪದ ಬರೆದಿದ್ದಳು: ಇಲ್ಲ.

ಈ ಕೊಲ್ಲಿ ರಾಷ್ಟ್ರದಲ್ಲಿ, ಹವಲ್ಲಿಯ ಒಂದು ಕಟ್ಟಡದ ಒಂಬತ್ತನೆಯ ಮಹಡಿಯಲ್ಲಿ ನಮ್ಮ ಕಚೇರಿ. ಕಂಪನಿಗಳು ತಮ್ಮ ನೌಕರರಿಗೆ ಮಾಡಿಸುವ ಆರೋಗ್ಯ ವಿಮೆಯನ್ನು ವಿಮಾ ಸಂಸ್ಥೆಗಳ ಪರವಾಗಿ ನಾವು ನಡೆಸುತ್ತೇವೆ. ಆಸ್ಪತ್ರೆ ಏನು ಮಾಡಬೇಕೆಂದರೂ ಮೊದಲು ನಮಗೆ ಬರೆಯಬೇಕು. ಆಗಬಹುದು ಅಥವಾ ಆಗದು ಎಂದು ನಾವು ಹೇಳಬೇಕು. ನಾನೂ ನರ್ಸೇ. ಆದರೆ ಆ ಹೊತ್ತಿಗೆ ನಾನು ರೋಗಿಯೊಬ್ಬರ ಕೈ ಹಿಡಿದು ನಾಡಿ ನೋಡಿ ಆರು ವರ್ಷವಾಗಿತ್ತು. ನಿಯಮ ನನಗೆ ಬಾಯಿಪಾಠ. ಮನೆಯಲ್ಲಿ ನರ್ಸ್ ಸೇವೆ ಗುಣಮುಖರಾಗುತ್ತಿರುವವರಿಗೆ ಮಾತ್ರ. ಸುಧಾರಣೆ ಇಲ್ಲವೆಂದರೆ ಅದು ಚಿಕಿತ್ಸೆಯಲ್ಲ, ಬರಿಯ ಆರೈಕೆ. ಆರೈಕೆಗೆ ಪಾಲಿಸಿಯಲ್ಲಿ ಜಾಗವಿಲ್ಲ. ಇದು ಎಲ್ಲ ನರ್ಸ್‌ಗಳಿಗೂ ಗೊತ್ತಿತ್ತು. ಅದಕ್ಕೇ ಅವರೆಲ್ಲ ಆ ಕಲಂನಲ್ಲಿ ‘ನಿಧಾನ ಸುಧಾರಣೆ’ ಎಂದು ಬರೆಯುತ್ತಿದ್ದರು. ನಾವೂ ಅದನ್ನು ನಂಬಿದವರಂತೆ ಮಂಜೂರಾತಿಯ ಗುಂಡಿ ಒತ್ತುತ್ತಿದ್ದೆವು.

ಹನ್ನೊಂದು ಗಂಟೆಗೆ ಆ ನರ್ಸಿನ ಫೋನ್ ಬಂತು. ಪುತ್ತೂರಿನ ಕಡೆಯವಳು, ಅವಳ ಅರ್ಜಿಗಳ ವಿಷಯದಲ್ಲಿ ಹಿಂದೆಯೂ ಒಂದೆರಡು ಸಲ ಮಾತಾಡಿದ್ದೆವು. ಆಕೆಗೆ ಸಿಟ್ಟು ಬಂದಿರಲಿಲ್ಲ. ದಣಿದಿದ್ದಳು. ತಪ್ಪು ನನ್ನದಲ್ಲ ಎಂಬ ಧಾಟಿಯಲ್ಲಿ ನಾನು ನಿಯಮ ಹೇಳಿದೆ. ಆಮೇಲೆ ದನಿ ತಗ್ಗಿಸಿ, ಆ ಒಂದು ಪದ ಬದಲಿಸಿ ಮತ್ತೆ ಕಳಿಸಿದರೆ ಮಧ್ಯಾಹ್ನದೊಳಗೆ ಆಗುತ್ತದೆ ಎಂದೆ. 

“ಮೊದಲು ಎರಡು ಸಲ ಹಾಗೇ ಬರೆದೆ ಸಿಸ್ಟರ್,” ಎಂದಳು. “ಆ ಕಾಗದದ ಒಂದು ಕಾಪಿ ಮನೆಯಲ್ಲಿ ಬಿಡ್ಲಿಕ್ಕುಂಟಲ್ಲ, ಅದನ್ನು ಅವರ ಮಗಳು ಓದಿದ್ದಾಳೆ. ಉಪ್ಪನಿಗೆ, ಅವಳ ತಂದೆಗೆ, ಗುಣ ಆಗ್ತಾ ಉಂಟು, ಕೀಮೋ ಯಾಕೆ ನಿಲ್ಲಿಸಿದ್ರಿ ಅಂತ ತಾಯಿ ಹತ್ರ ಜಗಳ ಮಾಡ್ತಾಳೆ. ಡಾಕ್ಟರು ಹೇಳಿದ್ದನ್ನು ಅವಳು ನಂಬುದಿಲ್ಲ, ನನ್ನ ಕಾಗದವನ್ನು ನಂಬ್ತಾಳೆ. ಇನ್ನು ನನ್ನಿಂದ ಆಗುದಿಲ್ಲ.”

 ಮೊದಲ ಎರಡು ಅರ್ಜಿಗಳನ್ನು ತೆಗೆದು ನೋಡಿದೆ. ಎರಡರಲ್ಲೂ ‘ನಿಧಾನ ಸುಧಾರಣೆ’ ಎಂದಿತ್ತು. ಎರಡರ ಕೆಳಗೂ ಮಂಜೂರು ಮಾಡಿದವಳ ಹೆಸರು ನನ್ನದೇ.

ಆ ಮಧ್ಯಾಹ್ನ ಪಾಲಿಸಿಯ ಪೂರ್ತಿ ಪ್ರತಿಯನ್ನು ಕೂತು ಓದಿದೆ. ನಾವು ದಿನನಿತ್ಯ ಬಳಸುವುದು ಅದರ ಸಾರಾಂಶವನ್ನು ಮಾತ್ರ. ಕೊನೆಯ ಪುಟಗಳಲ್ಲಿ ಬದಲಿ ಸೌಲಭ್ಯ ಎಂಬ ಒಂದು ವಿಧಿ ಇತ್ತು: ಆಸ್ಪತ್ರೆಯಲ್ಲಿ ಇರಿಸಿಕೊಳ್ಳಲೇಬೇಕಾದ ರೋಗಿಯನ್ನು ಅದಕ್ಕಿಂತ ಕಡಿಮೆ ಖರ್ಚಿನಲ್ಲಿ ಮನೆಯಲ್ಲೇ ನೋಡಿಕೊಳ್ಳಲು ಸಾಧ್ಯವಿದ್ದರೆ, ಪಾಲಿಸಿಯಲ್ಲಿ ಇಲ್ಲದ ಸೇವೆಯನ್ನೂ ವಿಶೇಷವಾಗಿ ಕೊಡಬಹುದು. ಅದಕ್ಕೆ ಪಾಲಿಸಿ ಕೊಂಡವರ, ಅಂದರೆ ನೌಕರಿ ಕೊಟ್ಟ ಕಂಪನಿಯ, ಲಿಖಿತ ಒಪ್ಪಿಗೆ ಬೇಕು. ನಮ್ಮ ವೈದ್ಯಕೀಯ ಮುಖ್ಯಸ್ಥರು ಈಜಿಪ್ಟಿನವರು, ಹಳೆಯ ಶಸ್ತ್ರವೈದ್ಯರು. ಇಡೀ ವರ್ಷದಲ್ಲಿ ಯಾರೂ ಈ ವಿಧಿಯನ್ನು ಕೇಳಿಕೊಂಡು ಬಂದಿರಲಿಲ್ಲ ಎಂದರು. ರೋಗಿಯ ಒಪ್ಪಿಗೆ, ಕಂಪನಿಯ ಪತ್ರ, ಖರ್ಚಿನ ಹೋಲಿಕೆ, ಈ ಮೂರನ್ನೂ ತಂದರೆ ನೋಡೋಣ ಎಂದರು.

ರೋಗಿಯ ಮನೆಗೆ ಫೋನ್ ಮಾಡಿದಾಗ ಎತ್ತಿದ್ದು ಅವರ ಹೆಂಡತಿ.  ಕಂಪನಿಯ ಪತ್ರ ಎಂಬ ಮಾತು ಕೇಳಿದ ಕೂಡಲೇ, ಫೋನಿನಲ್ಲಿ ಬೇಡ, ಮನೆಗೆ ಬನ್ನಿ ಎಂದರು. ಅರ್ಜಿ ಪರಿಶೀಲಿಸುವವರು ರೋಗಿಯನ್ನು ಕಾಣಲು ಹೋಗಬಾರದು ಎಂಬುದು ನಮ್ಮ ನಿಯಮ. ಕಂಡರೆ ತೀರ್ಪು ಸಡಿಲವಾಗುತ್ತದೆ ಎಂಬುದು ಅದರ ಹಿಂದಿನ ಲೆಕ್ಕಾಚಾರ. ನಾನು ಮರುದಿನ ಕೆಲಸ ಮುಗಿದ ಮೇಲೆ, ಯಾರಿಗೂ ಹೇಳದೆ, ಅವರ ಮನೆಯಿದ್ದ ಮೈದಾನ್ ಹವಲ್ಲಿಗೆ ನಡೆದೇ ಹೋದೆ.

ಮೂರನೆಯ ಮಹಡಿ. ಹಾಲಿನಲ್ಲೇ ಕಿಟಕಿಯ ಪಕ್ಕ ಮಂಚ ಹಾಕಿದ್ದರು. ಅದರಾಚೆ ಮಗಳ ಓದುವ ಮೇಜು. ಮಂಚದಲ್ಲಿದ್ದ ರೋಗಿ ರಾಯ್ ಎಂಬಲ್ಲಿ ಬಾತ್‌ರೂಂ ಸಾಮಾನು ಮಾರುವ ಶೋರೂಮಿನ ಸ್ಟೋರ್‌ಕೀಪರ್, ಊರು ಉಳ್ಳಾಲ. ನಾನು ಹೋದಾಗ ಫೋನಿನಲ್ಲಿ ಯಾರಿಗೋ ಹಿಂದಿಯಲ್ಲಿ, ಮೂರನೆಯ ರ‍್ಯಾಕಿನ ಕೆಳಗಿನ ಸಾಲು, ನೀಲಿ ಪೆಟ್ಟಿಗೆಯ ಹಿಂದೆ ನೋಡು ಭಾಯಿ ಎಂದು ಹೇಳುತ್ತಿದ್ದರು. ಮೈಯಲ್ಲಿ ಎಲುಬಿನ ಹೊರತು ಏನೂ ಉಳಿದಿರಲಿಲ್ಲ, ಹೊಟ್ಟೆ ಮಾತ್ರ ಬಿಗಿದಿತ್ತು. ನೀರು ಇಳಿಸಿ ಆಗಲೇ ನಾಲ್ಕು ದಿನವಾಗಿತ್ತು. ನಾನು ಅನುಮತಿ ಕೊಟ್ಟಿದ್ದರೆ ಹಿಂದಿನ ದಿನವೇ ಇಳಿಸಿರುತ್ತಿದ್ದರು. ಈ ಸಂಗತಿ ಕಚೇರಿಯಲ್ಲಿ ಕೂತಾಗ ನನಗೆ ಹೊಳೆದಿರಲಿಲ್ಲ.

ಶೋರೂಮಿಗೆ ಅವರು ಹೊಟ್ಟೆಯ ಆಪರೇಷನ್ ಎಂದಷ್ಟೇ ಹೇಳಿದ್ದರಂತೆ. ಅದಕ್ಕೆ ಕಾರಣವನ್ನು ಅವರೇ ವಿವರಿಸಿದರು. ಇನ್ನು ಈತ ಕೆಲಸಕ್ಕೆ ಬರುವವನಲ್ಲ ಎಂದು ಗೊತ್ತಾದರೆ ವೀಸಾ ಕೊಟ್ಟ ಮಾಲೀಕ, ಅಂದರೆ ಕಫೀಲ್, ಇಲ್ಲಿ ವಾಸಿಸುವ ಪರವಾನಗಿಯಾದ ಇಕಾಮಾವನ್ನೇ ರದ್ದು ಮಾಡಬಹುದು. ಹೆಂಡತಿ, ಮಗಳು ಇಬ್ಬರೂ ಇಲ್ಲಿರುವುದು ಅವರ ಇಕಾಮಾದ ಮೇಲೆ. ಮಗಳಿಗೆ ಹನ್ನೆರಡನೆಯ ತರಗತಿಯ ಬೋರ್ಡ್ ಪರೀಕ್ಷೆಗೆ ಇನ್ನು ಎರಡೇ ವಾರ. ಇಕಾಮಾ ಹೋದರೆ ಅವತ್ತೇ ವಿಮೆಯೂ ಹೋಗುತ್ತದೆ. ನಾನು ಕೇಳಲು ಬಂದಿದ್ದ ಪತ್ರ ಒಂದು ಕೈಯಿಂದ ನರ್ಸನ್ನು ಕೊಟ್ಟು ಇನ್ನೊಂದು ಕೈಯಿಂದ ಎಲ್ಲವನ್ನೂ ಕಿತ್ತುಕೊಳ್ಳಬಹುದಿತ್ತು.

ನಾನು ಯಾವುದನ್ನೂ ಮುಚ್ಚಿಡಲಿಲ್ಲ. ಪತ್ರ ಬೇಡವೆಂದರೆ ಮೂರು ದಿನಕ್ಕೊಮ್ಮೆ ತುರ್ತು ವಿಭಾಗಕ್ಕೆ ಹೋಗಿ ನೀರು ತೆಗೆಸಬಹುದು, ಅದಕ್ಕೆ ನಮ್ಮಲ್ಲಿ ತಡೆಯಿಲ್ಲ ಎಂದೆ. ಸರ್ಕಾರಿ ಆಸ್ಪತ್ರೆಯಲ್ಲಿ ಇಂಥ ರೋಗಿಗಳಿಗೆಂದೇ ಇರುವ ವಾರ್ಡಿಗೆ ಸೇರಲು ಪ್ರಯತ್ನಿಸಬಹುದು. ಅಲ್ಲಿಯ ಆರೈಕೆ ಒಳ್ಳೆಯದು, ಆದರೆ ಹಾಸಿಗೆ ಸಿಗಬೇಕು. ಮಗಳ ಪರೀಕ್ಷೆ ಮುಗಿಯುವವರೆಗೆ ಈ ಕೋಣೆಯಲ್ಲೇ ಇರಬೇಕು ಎಂಬುದೊಂದೇ ಅವರ ಆಸೆ. ಹೆಂಡತಿಗೆ ಪತ್ರ ಬೇಡವಾಗಿತ್ತು. ಎಷ್ಟೋ ಹೊತ್ತು ಬ್ಯಾರಿ ಭಾಷೆಯಲ್ಲಿ ಇಬ್ಬರೂ ಮಾತಾಡಿಕೊಂಡರು.

“ನೀವಾದ್ರೆ ಎಂತ ಮಾಡ್ತಿದ್ರಿ ಸಿಸ್ಟರ್?” ಎಂದು ಮಂಚದಿಂದಲೇ ಅವರು ಕೇಳಿದರು.

“ನನಗೆ ಗೊತ್ತಿಲ್ಲ,” ಎಂದೆ. ಅದು ನಿಜವಾಗಿತ್ತು.

ಅಷ್ಟರಲ್ಲಿ ಮಗಳು ಟ್ಯೂಷನ್ನಿನಿಂದ ಬಂದಳು. ನಾನು ಯಾರು ಎಂದು ತಾಯಿ ಹೇಳಿದ ಕೂಡಲೇ ಅವಳ ಮುಖ ಅರಳಿತು. ಕಡೆಗೂ ವಿಮೆಯವರೇ ಬಂದರು ಎಂದುಕೊಂಡಳೋ ಏನೋ. ಮೇಜಿನ ಖಾನೆಯಿಂದ ನಮ್ಮ ಫಾರಂ ತೆಗೆದು ತಂದು ನನ್ನ ಮುಂದಿಟ್ಟಳು. ‘ನಿಧಾನ ಸುಧಾರಣೆ’ಯ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಳು.

“ಇಟ್ ಸೇಸ್ ಇಂಪ್ರೂವಿಂಗ್, ಆಂಟಿ. ದೆನ್ ವೈ ಡಿಡ್ ದೇ ಸ್ಟಾಪ್?”

ತಂದೆ ಕಣ್ಣು ಮುಚ್ಚಿಕೊಂಡರು. ತಾಯಿ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದರು. ಉತ್ತರ ಕೊಡಬೇಕಾದವಳು ನಾನೇ ಎಂಬುದರಲ್ಲಿ ಸಂಶಯವಿರಲಿಲ್ಲ.

“ಅದು ನಮಗೋಸ್ಕರ ಬರೆದ ಮಾತು ಮಗಾ,” ಎಂದೆ. “ಹಾಗೆ ಬರೆಯದಿದ್ರೆ ನಾವು ನರ್ಸನ್ನು ಕಳಿಸುದಿಲ್ಲ. ನಿನ್ನ ಉಪ್ಪನ ವಿಷಯದಲ್ಲಿ ಅದು ಸತ್ಯ ಅಲ್ಲ. ಡಾಕ್ಟರು ಹೇಳಿದ್ದು ಸತ್ಯ.”

ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. ಫಾರಂ ಮಡಚಿ ಖಾನೆಗೆ ಹಾಕಿದಳು. ಮತ್ತೆ ಹೊರಗೆ ತೆಗೆದು ಚೂರುಚೂರಾಗಿ ಹರಿದು ಕಸದ ಬುಟ್ಟಿಗೆ ಹಾಕಿದಳು. ಆಮೇಲೆ ತಂದೆಯ ಮಂಚದ ಅಂಚಿನಲ್ಲಿ ನನಗೆ ಬೆನ್ನು ಮಾಡಿ ಕೂತಳು. ಅವರು ಅವಳ ಜಡೆಯನ್ನು ಕೈಯಲ್ಲಿ ಹಿಡಿದುಕೊಂಡರು. ನಾನು ಏಳಲು ಹೊರಟಾಗ ಅವರೇ ಮಾತಾಡಿದರು.

“ಪತ್ರ ನೀವು ಕಳಿಸ್ಬೇಡಿ. ಮೊದಲು ಮ್ಯಾನೇಜರಿಗೆ ನಾನೇ ಹೇಳ್ತೇನೆ. ಅಷ್ಟು ವರ್ಷ ಒಟ್ಟಿಗೆ ಕೆಲಸ ಮಾಡಿದ್ದು, ಕಾಗದದಲ್ಲಿ ಗೊತ್ತಾಗುದು ಸರಿಯಲ್ಲ.”

ಮ್ಯಾನೇಜರು ಎರಡು ದಿನ ಬಿಟ್ಟು ಮನೆಗೆ ಬಂದಿದ್ದರಂತೆ. ಚಹಾ ಕುಡಿದರು, ಕಣ್ಣೊರೆಸಿಕೊಂಡರು, ಮಾಲೀಕರನ್ನು ಕೇಳಿ ಹೇಳುತ್ತೇನೆ ಎಂದು ಹೋದರು. ನಾನು ಕಂಪನಿಗೆ ಕಳಿಸಿದ ಪತ್ರದಲ್ಲಿ ರೋಗದ ಹೆಸರು ಬರೆಯಲಿಲ್ಲ; ಆಸ್ಪತ್ರೆಯ ಬದಲು ಮನೆ ಎಂದಷ್ಟೇ ಬರೆದೆ. ಉತ್ತರ ಬರಲು ಒಂಬತ್ತು ದಿನ ಹಿಡಿಯಿತು.

ಆ ಒಂಬತ್ತು ದಿನಗಳಲ್ಲಿ ಮೂರು ಸಲ ಹೆಂಡತಿ ಅವರನ್ನು ಟ್ಯಾಕ್ಸಿಯಲ್ಲಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ದರು. ಮೂರು ಸಲವೂ ಅರ್ಜಿ ನಮ್ಮಲ್ಲಿಗೆ ಬಂತು. ತುರ್ತು ಎಂಬ ಗುರುತು ಇದ್ದುದರಿಂದ ಯಾರ ಕೈಗೂ ತಲುಪದೆ ಕ್ಷಣದಲ್ಲಿ ತಾನೇ ಮಂಜೂರಾಯಿತು. ರಕ್ತ ಪರೀಕ್ಷೆ, ಸ್ಕ್ಯಾನ್, ಎಕ್ಸ್-ರೇ, ಯಾರಿಗೂ ಬೇಡವಾದದ್ದೆಲ್ಲ ಮಂಜೂರು. ನರ್ಸ್ ಮನೆಯಲ್ಲಿ ಮುಕ್ಕಾಲು ಗಂಟೆಯಲ್ಲಿ ಮುಗಿಸುತ್ತಿದ್ದ ಕೆಲಸಕ್ಕೆ ಒಂದು ದಿನ ಅವರು ಐದು ಗಂಟೆ ಕಾರಿಡಾರಿನ ಕುರ್ಚಿಯಲ್ಲಿ ಕೂತಿದ್ದರು. ಮೂರನೆಯ ಸಲ ಬಂದಾಗ ಕೊಳವೆಯ ಸುತ್ತ ಚರ್ಮ ಕೆಂಪಾಗಿತ್ತು. ಸೋಂಕು. ಅದರ ಔಷಧಿಯನ್ನೂ ಮಂಜೂರು ಮಾಡಿದೆವು. ಸಂಜೆ ಮುಖ್ಯಸ್ಥರ ಕೋಣೆಗೆ ಹೋಗಿ ಆ ಮೂರು ಬಿಲ್ಲುಗಳನ್ನು ಮೇಜಿನ ಮೇಲಿಟ್ಟೆ. ಅವರು ನೋಡಿದರು. ತಾವು ನಿಯಮ ಮಾಡುವವರಲ್ಲ, ಅದು ಪಾಲನೆಯಾಗುವಂತೆ ನೋಡಿಕೊಳ್ಳುವವರು ಎಂದರು. ಆ ಮಾತನ್ನು ನಾನೇ ಎಷ್ಟು ಜನರಿಗೆ ಹೇಳಿದ್ದೆನೋ.

ಕಂಪನಿಯ ಒಪ್ಪಿಗೆ ಬಂತು. ಅದರ ಕೆಳಗೆ ಇನ್ನೊಂದು ಸಾಲಿತ್ತು: ನೌಕರರ ಕರಾರು ಅವಧಿ ಮುಗಿದ ಮೇಲೆ ಮುಂದುವರಿಯುವುದಿಲ್ಲ. ಅವಧಿಗೆ ಇನ್ನು ಎರಡು ತಿಂಗಳಿತ್ತು. ಮಗಳ ಪರೀಕ್ಷೆಗೆ ಅದು ಸಾಕು. ಓದಿ ಹೇಳಿದಾಗ ಅವರು ಫೋನಿನಲ್ಲಿ ಅಲ್‌ಹಂದುಲಿಲ್ಲಾ ಎಂದರು. ಹದಿನಾಲ್ಕು ದಿನಗಳ ಮಂಜೂರಾತಿಯೊಂದಿಗೆ ಪುತ್ತೂರಿನ ನರ್ಸ್ ಮತ್ತೆ ಆ ಮನೆಯ ಮೆಟ್ಟಿಲು ಹತ್ತಿದಳು.

ಮೊದಲ ವಾರ ಚೆನ್ನಾಗಿಯೇ ಹೋಯಿತು. ಸೋಂಕು ಇಳಿಯಿತು, ನೋವು ಹಿಡಿತಕ್ಕೆ ಬಂತು. ಮಗಳು ಇಂಗ್ಲಿಷ್ ಮತ್ತು ಕಾಮರ್ಸ್ ಪತ್ರಿಕೆಗಳನ್ನು ಬರೆದಳು. ಮನೆಗೆ ಬಂದು ಪ್ರಶ್ನೆಪತ್ರಿಕೆಯನ್ನು ತಂದೆಗೆ ಓದಿ ಹೇಳುತ್ತಿದ್ದಳಂತೆ. ಅವರಿಗೆ ಅದರಲ್ಲಿ ಎಷ್ಟು ಅರ್ಥವಾಗುತ್ತಿತ್ತೋ, ಪ್ರತಿಯೊಂದಕ್ಕೂ ಉತ್ತರ ಕೇಳುತ್ತಿದ್ದರಂತೆ.

ಹದಿನಾಲ್ಕು ದಿನ ಮುಗಿಯುತ್ತ ಬಂದಾಗ ಮುಂದುವರಿಕೆಯ ಅರ್ಜಿ ಸಿದ್ಧಮಾಡಿದೆ. ಮುಖ್ಯಸ್ಥರು ಕರೆಸಿ ಒಂದು ಸಂಖ್ಯೆ ಕೇಳಿದರು. ಇನ್ನು ಎಷ್ಟು ದಿನ? ಅವರ ತರ್ಕ ನೇರವಾಗಿತ್ತು. ಆಸ್ಪತ್ರೆಯ ಕೆಲವು ದಿನಗಳ ಖರ್ಚಿಗಿಂತ ಮನೆಯ ಖರ್ಚು ಕಡಿಮೆ ಎಂಬ ಆಧಾರದ ಮೇಲೆ ಅನುಮತಿ ಕೊಟ್ಟದ್ದು. ರೋಗಿ ಬೇಗ ಹೋಗುವುದಾದರೆ ಆ ಹೋಲಿಕೆ ಸರಿಹೊಂದುತ್ತದೆ. ತಿಂಗಳುಗಟ್ಟಲೆ ಬದುಕಿದರೆ ಮನೆಯ ಖರ್ಚೇ ಹೆಚ್ಚಾಗುತ್ತದೆ. ನಾನು ಕ್ಯಾನ್ಸರ್ ವೈದ್ಯರಿಗೆ ಫೋನ್ ಮಾಡಿದೆ. ಅಂಥ ಸಂಖ್ಯೆಯನ್ನು ಬರೆದುಕೊಡುವುದಿಲ್ಲ ಎಂದು ಅವರು ಹೇಳಿದರು. ಹತ್ತು ದಿನ ಎಂದು ನಾನೇ ತುಂಬಿಬಿಟ್ಟಿದ್ದರೆ ಆಗಿಂದಾಗಲೇ ಸಹಿ ಬೀಳುತ್ತಿತ್ತು.

ಗುರುವಾರ ಮಧ್ಯಾಹ್ನ, ವಾರಾಂತ್ಯಕ್ಕೆ ಕಚೇರಿ ಮುಚ್ಚಲು ಎರಡು ಗಂಟೆ ಇತ್ತು. ಪರದೆಯ ಮುಂದೆ ಕೂತು ಆ ಹತ್ತು ಎಂಬ ಅಂಕಿಯನ್ನು ಹೊಡೆದೆ. ಅಳಿಸಿದೆ. ಇನ್ನೊಂದು ಸುಳ್ಳು ಕಾಗದ ಆ ಮನೆಗೆ ಹೋಗುವುದು ಬೇಡ ಅನ್ನಿಸಿತು. ‘ಹೇಳಲು ಸಾಧ್ಯವಿಲ್ಲ, ಬದುಕಿರುವಷ್ಟು ದಿನ ಆರೈಕೆ ಬೇಕು’ ಎಂದು ಬರೆದು, ಕೆಳಗೆ ನನ್ನ ಹೆಸರು, ನರ್ಸಿಂಗ್ ಲೈಸೆನ್ಸ್ ನಂಬರ್ ಹಾಕಿ ಕಳಿಸಿದೆ. ಆ ಹೊತ್ತಿಗೆ ಅದು ಸರಿಯಾದ ಕೆಲಸವೆಂದು ನನಗೆ ಖಾತ್ರಿಯಿತ್ತು. ಮುಖ್ಯಸ್ಥರು ಅದನ್ನು ತಿರಸ್ಕರಿಸಲಿಲ್ಲ, ವಿಮಾ ಸಂಸ್ಥೆಯ ಅಭಿಪ್ರಾಯಕ್ಕೆ ಕಳಿಸಿದರು. ಶುಕ್ರವಾರ, ಶನಿವಾರ ಅಲ್ಲಿ ಯಾರೂ ಇರುವುದಿಲ್ಲ.

ಶುಕ್ರವಾರ ನರ್ಸ್ ಹೋಗಬೇಕಿತ್ತು. ಅನುಮತಿಯಿಲ್ಲದೆ ಅವಳ ಸಂಸ್ಥೆ ಕಳಿಸಲಿಲ್ಲ. ಶನಿವಾರ ಬೆಳಿಗ್ಗೆ ಕೊಳವೆ ಕಟ್ಟಿಕೊಂಡಿತು. ಉಸಿರು ಎಳೆಯಲಾಗದೆ, ನೋವು ತಡೆಯಲಾಗದೆ ಅವರನ್ನು ಆಂಬುಲೆನ್ಸಿನಲ್ಲಿ ಒಯ್ದರು. ನರ್ಸ್ ನನಗೆ ಫೋನ್ ಮಾಡಿ ತಿಳಿಸಿದಳು. ನಾನು ಹೋದಾಗ ತುರ್ತು ವಿಭಾಗದ ಪರದೆಯ ಆಚೆ ಕಿರಿಯ ವೈದ್ಯರೊಬ್ಬರು ಐಸಿಯುಗೆ ಸೇರಿಸಲು ಸಹಿ ಕೇಳುತ್ತಿದ್ದರು. ವಿಮೆಯ ಮಂಜೂರಾತಿ ಆಗಲೇ ಬಂದಿದೆ ಎಂದೂ ಹೇಳುತ್ತಿದ್ದರು. ತಾಯಿ ಗೋಡೆಗೆ ಒರಗಿ ನಿಂತಿದ್ದರು. ಕಾಗದ ಮಗಳ ಕೈಯಲ್ಲಿತ್ತು.

“ನೋ ಮೆಷೀನ್ಸ್,” ಎಂದಳು ಅವಳು. ದನಿ ಗಟ್ಟಿಯಾಗಿತ್ತು. “ಟೇಕ್ ಅವೇ ದ ಪೇನ್. ದಟ್ಸ್ ಆಲ್ ಹಿ ವಾಂಟ್ಸ್.”

ಅವಳಿಗೆ ಆಗಿನ್ನೂ ಹದಿನೆಂಟು ತುಂಬಿರಲಿಲ್ಲ. ಐಸಿಯು ಬೇಡವೆಂಬ ಸಹಿಯನ್ನು ತಾಯಿ ಮಾಡಿದರು. ತಂದೆಯನ್ನು ವಾರ್ಡಿಗೆ ಒಯ್ದು ಮಾರ್ಫಿನ್ ಕೊಟ್ಟರು. ಸಂಜೆಯ ಹೊತ್ತಿಗೆ ಮುಖದ ಬಿಗಿತ ಇಳಿಯಿತು. ಭಾನುವಾರ ಹತ್ತೂವರೆಗೆ ವಿಮಾ ಸಂಸ್ಥೆಯಿಂದ ನಮಗೆ ಇನ್ನೂ ಏಳು ದಿನಗಳ ಅನುಮತಿ ಬಂತು. ನಾನು ಪ್ರಿಂಟ್ ತೆಗೆಯುವ ಮುಂಚೆಯೇ ನರ್ಸಿನ ಮೆಸೇಜ್ ಬಂದಿತ್ತು. ಅವರು ಆ ಬೆಳಿಗ್ಗೆ ವಾರ್ಡಿನಲ್ಲೇ ತೀರಿಕೊಂಡಿದ್ದರು.

ಹತ್ತು ಎಂದು ಬರೆದಿದ್ದರೆ ಶುಕ್ರವಾರ ನರ್ಸ್ ಹೋಗುತ್ತಿದ್ದಳು. ಕೊಳವೆ ಕಟ್ಟುವ ಮೊದಲೇ ನೀರು ಇಳಿಯುತ್ತಿತ್ತು. ಅವರು ತಮ್ಮ ಕಿಟಕಿಯ ಪಕ್ಕ ಹೋಗಬಹುದಿತ್ತು. ಇದನ್ನು ನಾನು ಆ ದಿನ ಯಾರಿಗೂ ಹೇಳಲಿಲ್ಲ. ಪುತ್ತೂರಿನ ನರ್ಸಿಗೆ ಒಂದು ವಾರ ಬಿಟ್ಟು ಹೇಳಿದೆ. ಅವಳು ಸಮಾಧಾನ ಮಾಡಲಿಲ್ಲ. ತನಗೂ ಹಾಗೇ ಅನ್ನಿಸುತ್ತದೆ, ಮೊದಲೇ ‘ಇಲ್ಲ’ ಎಂದು ಬರೆಯದಿದ್ದರೆ ಇದೆಲ್ಲ ಶುರುವಾಗುತ್ತಿರಲಿಲ್ಲ ಎಂದಳು. 

ತಿಂಗಳ ಸಭೆಯಲ್ಲಿ ಈ ಪ್ರಕರಣವನ್ನು ಒಳ್ಳೆಯ ಉದಾಹರಣೆಯೆಂದು ತೋರಿಸಿದರು. ಐಸಿಯು ಖರ್ಚು ತಪ್ಪಿತ್ತು. ಮುಖ್ಯಸ್ಥರು ನನ್ನ ಹೆಸರು ಹೇಳಿದಾಗ ಎದ್ದು ನಿಂತು, ತುರ್ತು ವಿಭಾಗದ ಮೂರು ಭೇಟಿಗಳು, ಸೋಂಕು, ಆ ಶುಕ್ರವಾರ, ಎಲ್ಲವನ್ನೂ ದಿನಾಂಕ ಸಮೇತ ಹೇಳಿದೆ. ನಾನೇ ನಿಯಮ ಮೀರಿ ಅವರ ಮನೆಗೆ ಹೋದದ್ದನ್ನೂ ಹೇಳಿದೆ.  ನಿಯಮ ಮೀರಿದ್ದಕ್ಕೆ ನನಗೆ ಎಚ್ಚರಿಕೆಯ ಪತ್ರ ಸಿಕ್ಕಿತು. ಬದಲಿ ಸೌಲಭ್ಯದ ಅನುಮತಿ ವಾರಾಂತ್ಯದಲ್ಲಿ ಮುಗಿಯುವಂತಿದ್ದರೆ ಸೋಮವಾರದವರೆಗೆ ತಾನಾಗಿ ಮುಂದುವರಿಯಬೇಕು ಎಂಬ ಒಂದು ಸಣ್ಣ ತಿದ್ದುಪಡಿಯೂ ಆಯಿತು. ಬೇರೇನೂ ಬದಲಾಗಲಿಲ್ಲ.

ಅವರನ್ನು ಇಲ್ಲಿಯೇ ದಫನ ಮಾಡಿದ್ದರು. ತೀರಿಕೊಂಡ ಐದನೆಯ ದಿನ, ಆ ಸಭೆಗೆ ಮೊದಲೇ, ನಾನು ಆ ಮನೆಗೆ ಹೋದೆ. ಮಂಚ ತೆಗೆದಿದ್ದರು. ಮಗಳು ಕೊನೆಯ ಪತ್ರಿಕೆ ಬರೆಯಲು ಹೋಗಿದ್ದಳು. ಹೆಂಡತಿ ಇದ್ದತ್ ಕೂತಿದ್ದರು: ಗಂಡ ತೀರಿಕೊಂಡ ಮೇಲೆ ನಾಲ್ಕು ತಿಂಗಳು ಹತ್ತು ದಿನ ಅದೇ ಮನೆಯಲ್ಲಿ, ಹೊರಗೆ ಹೋಗದೆ ಇರಬೇಕು. ಚಾಪೆಯ ಮೇಲೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಆ ಶುಕ್ರವಾರದ ಬಗ್ಗೆ ಹೇಳಬೇಕೆಂದೇ ಹೋಗಿದ್ದೆ. ಹೇಳಿದೆ. ಅವರು ತಲೆ ತಗ್ಗಿಸಿ ಪೂರ್ತಿ ಕೇಳಿದರು. ಕ್ಷಮಿಸಿದೆ ಎಂದಾಗಲಿ, ಇಲ್ಲವೆಂದಾಗಲಿ ಹೇಳಲಿಲ್ಲ. ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಚೀಲವನ್ನು ನನ್ನ ಕಡೆ ಸರಿಸಿದರು. ಅದರಲ್ಲಿ ಅವರ ಮತ್ತು ಮಗಳ ಪಾಸ್‌ಪೋರ್ಟ್‌ಗಳಿದ್ದವು. ಕಂಪನಿಯ ಕಾಗದಪತ್ರ ನೋಡುವವನು ಬಂದು, ಗಂಡನ ಇಕಾಮಾ ಮುಚ್ಚುತ್ತಿರುವುದರಿಂದ ಇವರೂ ಹೊರಡಬೇಕಾಗುತ್ತದೆ ಎಂದು ಹೇಳಿ ಹೋಗಿದ್ದನಂತೆ.

“ನಾನು ಹೊಸ್ತಿಲು ದಾಟುವ ಹಾಗಿಲ್ಲ. ಇಲ್ಲಿ ಇರುವ ಹಾಗೂ ಇಲ್ಲ,” ಎಂದರು. “ಇದ್ದತ್‌ಗೆ ಅಪ್ರೂವಲ್ ಕೊಡುದು ಯಾರು ಸಿಸ್ಟರ್? ನಿಮಗೆ ಗೊತ್ತಿರ್ಬಹುದು ಅಂತ ಕೇಳಿದೆ.”

ಅವರ ಮಾತಿನಲ್ಲಿ ಕೊಂಕು ಇರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದರು. ಅನುಮತಿ ಕೊಡುವ ಕಚೇರಿಯವಳು ನಾನು, ಬೇರೆ ಕಚೇರಿಗಳೂ ಗೊತ್ತಿರಬಹುದು ಎಂದುಕೊಂಡಿದ್ದರು. ನನಗೆ ಗೊತ್ತಿರಲಿಲ್ಲ. ವಿಚಾರಿಸುತ್ತೇನೆ ಎಂದು ಚೀಲವನ್ನು ತೆಗೆದುಕೊಂಡೆ.

ಭಾನುವಾರ ರಜೆ ಹಾಕಿ ಅವರ ಮಗಳ ಜೊತೆ ಇಕಾಮಾ ಕಚೇರಿಯ ಸಾಲಿನಲ್ಲಿ ನಿಂತೆ. ಎರಡು ಕಿಟಕಿ ದಾಟಿಸಿ ಮೂರನೆಯದಕ್ಕೆ ಕಳಿಸಿದರು. ಅಲ್ಲಿದ್ದ ಮಹಿಳೆ ಇದ್ದತ್ ಎಂಬ ಮಾತು ಕೇಳಿ ತಲೆಯೆತ್ತಿ ಹುಡುಗಿಯನ್ನು ನೋಡಿದರು. ಯಾರು ತೀರಿಕೊಂಡರು ಎಂದು ಅರಬಿಯಲ್ಲಿ ಕೇಳಿದರು. ಅವಳಿಗೆ ಶಾಲೆಯಲ್ಲಿ ಕಲಿತ ಅರಬಿ ಸ್ವಲ್ಪ ಬರುತ್ತಿತ್ತು. ಉತ್ತರ ಅವಳೇ ಕೊಟ್ಟಳು. ಮಹಿಳೆ ಒಳಗೆ ಹೋಗಿ ಯಾರನ್ನೋ ಕೇಳಿ ಬಂದು ಮೂರು ತಿಂಗಳಿಗೆ ಮುದ್ರೆ ಒತ್ತಿದರು. ತಮ್ಮಿಂದ ಆಗುವುದು ಇಷ್ಟೇ ಎಂದರು.

ಇದ್ದತ್‌ನ ಉಳಿದ ದಿನಗಳನ್ನು ಹುಡುಗಿಯ ತಾಯಿ ಉಳ್ಳಾಲದಲ್ಲಿ, ತಂಗಿಯ ಮನೆಯ ಒಂದು ಕೋಣೆಯಲ್ಲಿ ಮುಗಿಸಿದರು.